ಗುಮಾಸ್ತನನ್ನು ನ್ಯಾಯಪೀಠದಲ್ಲಿ ಕೂರಿಸಬೇಡಿ

ವಿಮಾನದಲ್ಲಿ ಊಟ-ತಿಂಡಿ ಸಾಗಿಸುವ ಲೋಹದ ಗಾಡಿ ಮಂಡಿಗೆ ಬಡಿದು ಗಾಯವಾಯಿತೆಂದು ಪ್ರಯಾಣಿಕರೊಬ್ಬರು ಕೊಲಂಬಿಯಾದ ಅವಿಯಾಂಕಾ ವಿಮಾನ ಕಂಪನಿಯ ಮೇಲೆ ನ್ಯೂಯಾರ್ಕಿನಲ್ಲಿ ದಾವೆ ಹೂಡಿದ್ದರು. ಅವರ ಪರ ವಕೀಲರು 2023ರಲ್ಲಿ ಕೋರ್ಟಿಗೆ ಸಲ್ಲಿಸಿದ ವಾದಪತ್ರದಲ್ಲಿ ಹಳೆಯ ತೀರ್ಪುಗಳ ಉಲ್ಲೇಖ ಧಾರಾಳವಾಗಿತ್ತು. ‘ವರ್ಗೀಸ್ ವಿರುದ್ಧ ಚೈನಾ ಸದರ್ನ್ ಏರ್‌ಲೈನ್ಸ್’ ಎಂಬುದು ಅವುಗಳಲ್ಲೊಂದು. ಎದುರು ಪಕ್ಷದವರು ಎಷ್ಟು ಹುಡುಕಿದರೂ ಆ ತೀರ್ಪು ಸಿಗಲಿಲ್ಲ. ಸಿಗುವುದಾದರೂ ಹೇಗೆ? ಅಂಥ ಮೊಕದ್ದಮೆಯೇ ನಡೆದಿರಲಿಲ್ಲ. ಚಾಟ್‌ಜಿಪಿಟಿ ಅದನ್ನು ಹೆಸರು, ನಂಬರುಗಳ ಸಮೇತ ಹೆಣೆದು ಕೊಟ್ಟಿತ್ತು. ಜೂನ್‌ನಲ್ಲಿ ನ್ಯಾಯಾಧೀಶ ಕೆವಿನ್ ಕ್ಯಾಸ್ಟೆಲ್ ವಕೀಲರಿಗೆ 5,000 ಡಾಲರ್ ದಂಡ ಹಾಕಿದರು.

ಈ ಕಥೆಯನ್ನು ನೀವು ಕೇಳಿರುತ್ತೀರಿ. ಆದರೆ ಅದರೊಳಗಿನ ಒಂದು ವಿವರ ಅಷ್ಟಾಗಿ ಚರ್ಚೆಯಾಗಲಿಲ್ಲ. ವಕೀಲರು ಪರಿಶೀಲನೆ ಮಾಡದೆ ಸಲ್ಲಿಸಿಬಿಟ್ಟರು ಎಂದು ಎಲ್ಲರೂ ಬೈದರು. ಆದರೆ ಆ ವಕೀಲರು ತಮ್ಮದೇ ರೀತಿಯಲ್ಲಿ ಪರಿಶೀಲನೆ ಮಾಡಿದ್ದರು. ‘ವರ್ಗೀಸ್ ನಿಜವಾದ ಮೊಕದ್ದಮೆಯೇ?’ ಎಂದು ಅದೇ ಚಾಟ್‌ಜಿಪಿಟಿಯನ್ನು ಕೇಳಿದ್ದರು. ಹೌದು, ನಿಜ ಎಂದಿತು. ಉಳಿದ ತೀರ್ಪುಗಳೂ ನಿಜವೇ, ವೆಸ್ಟ್‌ಲಾ, ಲೆಕ್ಸಿಸ್‌ನೆಕ್ಸಿಸ್‌ನಂಥ ಕಾನೂನು ಭಂಡಾರಗಳಲ್ಲಿ ಸಿಗುತ್ತವೆ ಎಂದೂ ಭರವಸೆ ಕೊಟ್ಟಿತು. ಆ ಭಂಡಾರಗಳ ಬಾಗಿಲು ತಟ್ಟುವ ಕೆಲಸವೊಂದು ಬಾಕಿ ಉಳಿದಿತ್ತು, ಅದನ್ನು ಯಾರೂ ಮಾಡಲಿಲ್ಲ.

ವಾಟ್ಸ್ಆ್ಯಪ್‌ಗೆ ಬಂದ ಫಾರ್ವರ್ಡ್ ಅನ್ನು ಎಐಗೆ ಅಂಟಿಸಿ ‘ಇದು ನಿಜವೇ?’ ಎಂದು ಕೇಳುವ ನಾವೆಲ್ಲ ದಿನವೂ ಮಾಡುತ್ತಿರುವುದು ಇದನ್ನೇ. ಕೇಳುವುದರಲ್ಲಿ ತಪ್ಪಿಲ್ಲ, ಸುಮ್ಮನೆ ನಂಬಿ ಮುಂದಕ್ಕೆ ತಳ್ಳುವುದಕ್ಕಿಂತ ನೂರು ಪಾಲು ಮೇಲು. ಆದರೆ ಪ್ರಶ್ನೆ ಸರಿಯಿಲ್ಲ. ಬರಹದಲ್ಲಿರುವ ಹೇಳಿಕೆಗಳನ್ನು ಪರಿಶೀಲಿಸಲು ಎಐ ಒಳ್ಳೆಯ ಗುಮಾಸ್ತ. ಕಡತ ಬಿಡಿಸಿ ಕೊಡುತ್ತದೆ, ಯಾವ ಕಪಾಟಿನಲ್ಲಿ ಏನಿರಬಹುದೆಂದು ಹೇಳುತ್ತದೆ, ಬೇಸರವಿಲ್ಲದೆ ಮತ್ತೆ ಮತ್ತೆ ಹುಡುಕುತ್ತದೆ. ತೀರ್ಪು ಬರೆಯುವ ಕೆಲಸ ಅದಕ್ಕೆ ಒಪ್ಪಿಸಿದ ಕೂಡಲೇ ಎಡವಟ್ಟು ಶುರು.

ಏಕೆಂದರೆ ಈ ಯಂತ್ರ ಉತ್ತರ ಕಟ್ಟುವ ಬಗೆಯೇ ಬೇರೆ. ಕೋಟ್ಯಂತರ ಪುಟಗಳ ಬರಹವನ್ನು ಅರಗಿಸಿಕೊಂಡು, ಯಾವ ಮಾತಿನ ಹಿಂದೆ ಯಾವ ಮಾತು ಬರುವ ಸಂಭವ ಹೆಚ್ಚು ಎಂಬ ಲೆಕ್ಕ ಅದರೊಳಗಿದೆ. ಒಂದು ಸಂಗತಿ ಸಾವಿರ ಕಡೆ ಒಂದೇ ರೀತಿ ಬರೆಯಲ್ಪಟ್ಟಿದ್ದರೆ ಅದೇ ಹೊರಬರುತ್ತದೆ. ಸಾಮಾನ್ಯವಾಗಿ ಸಾವಿರ ಕಡೆ ಬರೆದದ್ದು ನಿಜವೇ ಆಗಿರುತ್ತದೆ, ಹಾಗಾಗಿ ಉತ್ತರವೂ ಸರಿಯಿರುತ್ತದೆ. ಆದರೆ ನಾವು ಪರಿಶೀಲನೆಗೆ ಕೊಡುವುದು ಎಂಥದ್ದನ್ನು? ಸಾವಿರ ಕಡೆ ಹರಡಿದ ಸುಳ್ಳನ್ನು! ಹರಡಿರುವುದೇ ಅದರ ಬಂಡವಾಳ. ಹೀಗೆ ಪರೀಕ್ಷೆ ಅತಿ ಹೆಚ್ಚು ಬೇಕಾದ ಕಡೆಯೇ ಪರೀಕ್ಷಕನ ಕಣ್ಣು ಮಂಜಾಗುತ್ತದೆ. ಈಗಿನ ಎಐಗಳು ಉತ್ತರಿಸುವ ಮೊದಲು ಅಂತರ್ಜಾಲದಲ್ಲಿ ಹುಡುಕುತ್ತವೆ, ಲಿಂಕ್ ಕೊಡುತ್ತವೆ, ನಿಜ. ಆ ಲಿಂಕ್ ತೆರೆದರೆ ಅದೇ ಫಾರ್ವರ್ಡ್‌ನ ಸಾಲುಗಳು ಅಲ್ಲಿ ಲೇಖನದ ವೇಷದಲ್ಲಿ ಕೂತಿರುವುದು ಅಪರೂಪವಲ್ಲ.

ಮಾತು ಸಾಕು, ಒಂದನ್ನು ಬಿಡಿಸಿಯೇ ನೋಡೋಣ. ಪ್ರತಿ ನವೆಂಬರ್‌ನಲ್ಲೂ ಸುತ್ತಾಡುವ ಸಂದೇಶ, ನಿಮ್ಮ ಗುಂಪಿಗೂ ಬಂದಿರುತ್ತದೆ. ಸಾರ ಹೀಗಿರುತ್ತದೆ: ಏಷ್ಯಾ ಖಂಡದಲ್ಲೇ ಮೊಟ್ಟಮೊದಲು ಜಲವಿದ್ಯುತ್ ತಯಾರಿಸಿದ್ದು ನಮ್ಮ ಶಿವನಸಮುದ್ರ. 1902ರಲ್ಲೇ ಸರ್ ಎಂ. ವಿಶ್ವೇಶ್ವರಯ್ಯನವರು ಕಟ್ಟಿಸಿದ ಈ ಕೇಂದ್ರದಿಂದ 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು. 1905ರಲ್ಲಿ ಏಷ್ಯಾದಲ್ಲೇ ಮೊದಲು ವಿದ್ಯುತ್ ಬೀದಿದೀಪ ಕಂಡ ನಗರ ಬೆಂಗಳೂರು. ಹೆಮ್ಮೆಯ ಕನ್ನಡಿಗರಾದರೆ ಶೇರ್ ಮಾಡಿ.

‘ಇದು ನಿಜವೇ?’ ಎಂದು ಕೇಳಿದರೆ ಎಐ ಏನು ಹೇಳಬೇಕು? ಹೌದು ಎಂದರೂ ತಪ್ಪು, ಅಲ್ಲ ಎಂದರೂ ತಪ್ಪು. ಮೂರು ವಾಕ್ಯಗಳಲ್ಲಿ ಐದಾರು ಹೇಳಿಕೆಗಳು ಮೈಗೆ ಮೈ ಅಂಟಿಸಿಕೊಂಡು ನಿಂತಿವೆ. ಕೆಲವು ಅಪ್ಪಟ ನಿಜ, ಆ ನಿಜದ ಬೆನ್ನಿಗೆ ಸುಳ್ಳೂ ದಾಟಿಬಿಡುತ್ತದೆ. ಆದ್ದರಿಂದ ಮೊದಲ ಅಪ್ಪಣೆ ಹೀಗಿರಲಿ: “ಈ ಬರಹದಲ್ಲಿ ಪರಿಶೀಲಿಸಬಹುದಾದ ಹೇಳಿಕೆಗಳನ್ನು ಒಂದೊಂದಾಗಿ ಬಿಡಿಸಿ ಬರೆ. ಸರಿಯೋ ತಪ್ಪೋ ಈಗಲೇ ಹೇಳಬೇಡ. ಪ್ರತಿಯೊಂದೂ ಸುಳ್ಳೆಂದು ಸಾಬೀತಾಗಬೇಕಾದರೆ ಯಾವ ದಾಖಲೆ ಸಿಗಬೇಕು ಎಂಬುದನ್ನು ಮಾತ್ರ ಹೇಳು.” ಈ ಕೆಲಸದಲ್ಲಿ ಎಐಯನ್ನು ಮೀರಿಸುವವರು ಕಡಿಮೆ. ಹೆಮ್ಮೆ, ಅಭಿಮಾನ, ಶೇರ್ ಮಾಡಿ ಎಂಬುದನ್ನೆಲ್ಲ ಬದಿಗೆ ತಳ್ಳಿ ಬರೀ ಎಲುಬುಗಳನ್ನು ಹೊರತೆಗೆಯುತ್ತದೆ: ಕೇಂದ್ರ ಶುರುವಾದದ್ದು 1902ರಲ್ಲಿ. ಅದು ಏಷ್ಯಾದ ಮೊದಲನೆಯದು. ಕಟ್ಟಿಸಿದವರು ವಿಶ್ವೇಶ್ವರಯ್ಯ. ಗಣಿಯವರೆಗಿನ ದೂರ 147 ಕಿ.ಮೀ. ಬೆಂಗಳೂರಿಗೆ 1905ರಲ್ಲಿ ಬೀದಿದೀಪ ಬಂತು. ಅದು ಏಷ್ಯಾಕ್ಕೇ ಮೊದಲು.

ಈಗ ಒಂದೊಂದನ್ನೇ ಹಿಡಿಯಬಹುದು. 1902, ಕೋಲಾರ ಮತ್ತು ದೂರ ಈ ಮೂರೂ ಸರಿ. ಆ ವರ್ಷದ ಜೂನ್ ಕೊನೆಯಲ್ಲಿ ಶಿವನಸಮುದ್ರದ ವಿದ್ಯುತ್ ಚಿನ್ನದ ಗಣಿಗೆ ತಲುಪಿತು. 92 ಮೈಲಿ, ಅಂದರೆ 147–148 ಕಿಲೋಮೀಟರ್ ಉದ್ದದ ತಂತಿ ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳ ಸಾಲಿಗೆ ಸೇರಿತ್ತು. ವಿದ್ಯುತ್ ಯಂತ್ರಗಳು ಬಂದದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ. ಸಾಧನೆ ಸಣ್ಣದೇನಲ್ಲ.

‘ಏಷ್ಯಾದ ಮೊದಲನೆಯದು’ ಎಂಬ ಹೇಳಿಕೆ ಬೇರೆ ಜಾತಿಯದು. ಇದನ್ನು ನಿಜವೆಂದು ತೋರಿಸಲು ಇಡೀ ಖಂಡವನ್ನು ಜಾಲಾಡಬೇಕು, ಸುಳ್ಳೆಂದು ತೋರಿಸಲು ಒಂದೇ ಒಂದು ಉದಾಹರಣೆ ಸಾಕು. ಆದ್ದರಿಂದ ಎಐಗೆ ‘ಶಿವನಸಮುದ್ರ ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರವೇ?’ ಎಂದು ಕೇಳಬಾರದು. ‘1902ಕ್ಕಿಂತ ಮೊದಲು ಏಷ್ಯಾದಲ್ಲಿ ಯಾವ ಯಾವ ಜಲವಿದ್ಯುತ್ ಕೇಂದ್ರಗಳಿದ್ದವು?’ ಎಂದು ಕೇಳಬೇಕು. ಪ್ರಶ್ನೆ ಹೀಗೆ ತಿರುಗಿದ ಕೂಡಲೇ ಎರಡು ಹೆಸರು ಸಿಗುತ್ತವೆ. ಜಪಾನಿನ ಕ್ಯೋಟೊ ನಗರದ ಕೆಯಾಗೆ ಕೇಂದ್ರ, 1891. ನಮ್ಮದೇ ದೇಶದ ಡಾರ್ಜಿಲಿಂಗ್ ಬಳಿಯ ಸಿದ್ರಾಪೊಂಗ್, 1897ರ ನವೆಂಬರ್. ಸಿದ್ರಾಪೊಂಗ್ ಪುಟ್ಟದು, 130 ಕಿಲೋವಾಟ್ ಅಷ್ಟೇ. ಶಿವನಸಮುದ್ರ ಅದರ ಹತ್ತಾರು ಪಟ್ಟು ದೊಡ್ಡದು. ‘ಭಾರತದ ಮೊದಲ ದೊಡ್ಡ ಜಲವಿದ್ಯುತ್ ಕೇಂದ್ರ’ ಎಂದು ಬರೆದಿದ್ದರೆ ಯಾರೂ ತಕರಾರು ತೆಗೆಯುವಂತಿರಲಿಲ್ಲ. ಕೈಯಿಂದ ಕೈಗೆ ದಾಟುವಾಗ ‘ದೊಡ್ಡ’ ಉದುರಿದೆ, ‘ಭಾರತ’ ಹಿಗ್ಗಿ ‘ಏಷ್ಯಾ’ ಆಗಿದೆ.

ವಿಶ್ವೇಶ್ವರಯ್ಯನವರ ವಿಷಯ ಇನ್ನೂ ಸ್ವಾರಸ್ಯವಾದದ್ದು. ಕರ್ನಾಟಕದಲ್ಲಿ ನೀರು, ಕರೆಂಟು, ಕಾರ್ಖಾನೆ ಎಂದ ಕೂಡಲೇ ಅವರ ಹೆಸರು ತಾನಾಗಿ ಬಂದುಬಿಡುತ್ತದೆ, ಮನುಷ್ಯರಿಗೂ ಎಐಗೂ. ‘ವಿಶ್ವೇಶ್ವರಯ್ಯನವರು ಶಿವನಸಮುದ್ರ ಕೇಂದ್ರವನ್ನು ಯಾವ ವರ್ಷ ಕಟ್ಟಿಸಿದರು?’ ಎಂದು ಕೇಳಿ ನೋಡಿ. ಪ್ರಶ್ನೆಯೊಳಗೇ ಸುಳ್ಳು ಇದೆ. ಒಳ್ಳೆಯ ಉಪಕರಣವಾದರೆ ಅಲ್ಲೇ ತಡೆದು ತಿದ್ದುತ್ತದೆ, ಇಲ್ಲದಿದ್ದರೆ ವಿಧೇಯವಾಗಿ ‘1902’ ಎನ್ನುತ್ತದೆ. ಅವರು ಮೈಸೂರು ಸಂಸ್ಥಾನದ ಸೇವೆಗೆ ಚೀಫ್ ಎಂಜಿನಿಯರ್ ಆಗಿ ಬಂದದ್ದು 1909ರಲ್ಲಿ, ದಿವಾನರಾದದ್ದು 1912ರಲ್ಲಿ. 1902ರಲ್ಲಿ ಅವರು ಬೊಂಬಾಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯ ನೌಕರರು. ಶಿವನಸಮುದ್ರದ ಯೋಜನೆಗೆ ಒತ್ತಾಸೆಯಾಗಿ ನಿಂತವರು 1883ರಿಂದ 1901ರವರೆಗೆ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್. ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್. ಅಯ್ಯರ್ 1901ರ ಸೆಪ್ಟೆಂಬರ್‌ನಲ್ಲೇ ತೀರಿಕೊಂಡರು, ಕರೆಂಟು ಹರಿದದ್ದನ್ನು ಕಾಣಲಿಲ್ಲ. ಇನ್ನು ಅದೇ ಸಂದೇಶದ ಮತ್ತೊಂದು ಪಾಠದಲ್ಲಿ ಬರುವಂತೆ ‘ನಾಲ್ವಡಿಯವರ ಆಳ್ವಿಕೆಯಲ್ಲಿ’ ಎನ್ನುವುದಕ್ಕೂ ಒಂದು ತೊಡಕಿದೆ. ನಾಲ್ವಡಿ ಕೃಷ್ಣರಾಜ ಒಡೆಯರು ಪೂರ್ಣ ಅಧಿಕಾರ ವಹಿಸಿಕೊಂಡದ್ದು 1902ರ ಆಗಸ್ಟ್‌ನಲ್ಲಿ. ಜೂನ್‌ನಲ್ಲಿ ರಾಜ್ಯಭಾರ ನೋಡುತ್ತಿದ್ದವರು ರೀಜೆಂಟ್ ಆಗಿದ್ದ ಅವರ ತಾಯಿ, ವಾಣಿವಿಲಾಸ ಸನ್ನಿಧಾನ.

ವಿಶ್ವೇಶ್ವರಯ್ಯನವರಿಗೂ ಶಿವನಸಮುದ್ರಕ್ಕೂ ಸಂಬಂಧವೇ ಇಲ್ಲವೆಂದಲ್ಲ. ಅವರು ಮುಂದೆ ಕಟ್ಟಿಸಿದ ಕನ್ನಂಬಾಡಿ ಕಟ್ಟೆಗೆ ಇದ್ದ ಕಾರಣಗಳಲ್ಲೊಂದು ಶಿವನಸಮುದ್ರಕ್ಕೆ ವರ್ಷವಿಡೀ ನೀರು ಒದಗಿಸುವುದು. ಗೊಂದಲ ಹುಟ್ಟಿದ್ದು ಈ ನಿಜದ ಎಳೆಯಿಂದಲೇ ಇರಬೇಕು ಎಂದು ನನಗನ್ನಿಸುತ್ತದೆ. ಎಐಗೆ ‘ಈ ತಪ್ಪು ಹೇಗೆ ಹುಟ್ಟಿರಬಹುದು?’ ಎಂದು ಕೇಳುವುದು ಉಪಯುಕ್ತ. ಅದು ಕೊಡುವ ಉತ್ತರ ಊಹೆಯೇ, ಆದರೆ ಮುಂದೆ ಎಲ್ಲಿ ಹುಡುಕಬೇಕೆಂಬ ದಾರಿ ಆ ಊಹೆಯಲ್ಲಿರುತ್ತದೆ.

ಬೀದಿದೀಪದ ಮಾತು ಬೇಗ ಮುಗಿಯುತ್ತದೆ. ಬೆಂಗಳೂರಿಗೆ 1905ರ ಆಗಸ್ಟ್‌ನಲ್ಲಿ ಬಂದದ್ದು ಹೌದು. ಟೋಕಿಯೊದ ಗಿಂಜಾದಲ್ಲೂ ಚೀನಾದ ಶಾಂಘೈನಲ್ಲೂ 1882ರಲ್ಲೇ ವಿದ್ಯುತ್ ದೀಪ ಬೀದಿಯಲ್ಲಿ ಉರಿದಿತ್ತು. ಅವು ಆರ್ಕ್ ದೀಪಗಳು, ನಮ್ಮವು ಬಲ್ಬುಗಳು ಎಂದು ವಾದಿಸಬಹುದು. ಆದರೆ ಕಲ್ಕತ್ತಾದಲ್ಲಿ ವಿದ್ಯುತ್ ಕಂಪನಿಯೊಂದು 1899ರಿಂದಲೇ ಕರೆಂಟು ಮಾರುತ್ತಿತ್ತು, ಹಾಗಾಗಿ ಆ ವಾದವನ್ನೂ ಆಧಾರ ನೋಡದೆ ಒಪ್ಪಲಾಗದು.

ಈ ಪರಿಶೀಲನೆಯಲ್ಲಿ ಎಐ ಮಾಡಿದ್ದೆಷ್ಟು, ಮನುಷ್ಯ ಮಾಡಬೇಕಾದದ್ದೆಷ್ಟು ನೋಡಿ. ಬಿಡಿಸಿದ್ದು ಎಐ. ಕೆಯಾಗೆ, ಸಿದ್ರಾಪೊಂಗ್ ಎಂಬ ಹೆಸರುಗಳನ್ನು ಎದುರಿಗಿಟ್ಟದ್ದು ಎಐ. ನನ್ನಂಥವರಿಗೆ ಸಿದ್ರಾಪೊಂಗ್ ಹೊಳೆಯಲು ಗ್ರಂಥಾಲಯದಲ್ಲಿ ಒಂದು ಮಧ್ಯಾಹ್ನ ಕಳೆಯಬೇಕಾಗುತ್ತಿತ್ತೇನೋ. ಆದರೆ ಹೆಸರು ಸಿಕ್ಕ ಮೇಲೆ ಅದು ನಿಜಕ್ಕೂ ಇದೆಯೇ, ವರ್ಷ ಸರಿಯೇ ಎಂದು ನೋಡುವುದು ನಮ್ಮ ಕೆಲಸ. ಇಲ್ಲಿ ಎರಡನೆಯ ಅಪ್ಪಣೆ ಬೇಕು: “ನೀನು ಹೇಳಿದ ಪ್ರತಿ ವರ್ಷಕ್ಕೂ ಮೂಲದ ಲಿಂಕ್ ಕೊಡು. ಆ ಪುಟದಲ್ಲಿರುವ ವಾಕ್ಯವನ್ನು ಅಕ್ಷರ ಬದಲಿಸದೆ ಎತ್ತಿ ಬರೆ. ಮೂಲ ಸಿಗದಿದ್ದರೆ ಸಿಗಲಿಲ್ಲ ಎನ್ನು.” ಆಮೇಲೆ ಲಿಂಕ್ ತೆರೆದು ಆ ವಾಕ್ಯ ಅಲ್ಲಿದೆಯೇ ಎಂದು ಕಣ್ಣಾರೆ ನೋಡಬೇಕು. ಉದ್ಧರಣ ಚಿಹ್ನೆಯೊಳಗಿಟ್ಟು ಕೊಟ್ಟ ಸಾಲು ಆ ಪುಟದಲ್ಲಿ ಹಾಗೆ ಇಲ್ಲದಿರುವುದು, ಲಿಂಕ್ ಸತ್ತುಹೋಗಿರುವುದು, ಲಿಂಕ್ ಜೀವಂತವಾಗಿದ್ದರೂ ಬೇರೆಯದೇ ಮಾತು ಹೇಳುತ್ತಿರುವುದು ಎಲ್ಲವೂ ಸಾಮಾನ್ಯ. ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟವೂ ಬಿಬಿಸಿಯೂ ಸೇರಿ 2025ರ ಅಕ್ಟೋಬರ್‌ನಲ್ಲಿ ಒಂದು ಅಧ್ಯಯನ ಪ್ರಕಟಿಸಿದವು. 18 ದೇಶಗಳ 22 ಸಂಸ್ಥೆಗಳ ಪತ್ರಕರ್ತರು ಚಾಟ್‌ಜಿಪಿಟಿ, ಕೋಪೈಲಟ್, ಜೆಮಿನಿ, ಪರ್ಪ್ಲೆಕ್ಸಿಟಿಗಳಿಂದ ಸುದ್ದಿ ಕುರಿತ 3,000ಕ್ಕೂ ಹೆಚ್ಚು ಉತ್ತರಗಳನ್ನು 14 ಭಾಷೆಗಳಲ್ಲಿ ಪಡೆದು ತೂಗಿದರು. ಶೇ 45ರಷ್ಟು ಉತ್ತರಗಳಲ್ಲಿ ಒಂದಾದರೂ ಗಂಭೀರ ದೋಷವಿತ್ತು. ಶೇ 31ರಷ್ಟರಲ್ಲಿ ದೋಷ ಇದ್ದದ್ದು ಮೂಲದ ಉಲ್ಲೇಖದಲ್ಲೇ: ಮೂಲ ಇಲ್ಲ, ಅಥವಾ ತಪ್ಪು ಮೂಲ, ಅಥವಾ ದಾರಿ ತಪ್ಪಿಸುವ ಮೂಲ.

ಕೆಲವು ಹೇಳಿಕೆಗಳು ಸುಳ್ಳಲ್ಲ, ಹಳಸಿದವು. ‘ಅತಿ ಹೆಚ್ಚು ಜ್ಞಾನಪೀಠ ಪಡೆದ ಭಾಷೆ ಕನ್ನಡ’ ಎಂಬುದು ಅಂಥದ್ದು. ಕುವೆಂಪು 1967, ಬೇಂದ್ರೆ 1973, ಕಾರಂತ 1977, ಮಾಸ್ತಿ 1983, ಗೋಕಾಕ 1990, ಅನಂತಮೂರ್ತಿ 1994, ಕಾರ್ನಾಡ 1998. ಆ ಹೊತ್ತಿಗೆ ಕನ್ನಡಕ್ಕೆ ಏಳು, ಹಿಂದಿಗೆ ಐದು. ಆಗ ಭಾಷಣಕಾರರು ಎದೆ ತಟ್ಟಿ ಹೇಳಿದ್ದು ಸರಿಯಾಗಿಯೇ ಇತ್ತು. ಆಮೇಲೆ ನಿರ್ಮಲ್ ವರ್ಮಾ, ಕುಂವರ್ ನಾರಾಯಣ್ ಬಂದರು. 2009ನೇ ಸಾಲಿನ ಪ್ರಶಸ್ತಿಯನ್ನು ಹಿಂದಿಯ ಇಬ್ಬರು, ಅಮರಕಾಂತ್ ಮತ್ತು ಶ್ರೀಲಾಲ್ ಶುಕ್ಲ, ಹಂಚಿಕೊಂಡರು. 2010ರ ಸಾಲಿನಲ್ಲಿ ಕಂಬಾರರಿಂದ ನಮ್ಮದು ಎಂಟಾಯಿತು, ಹಿಂದಿ ಅಷ್ಟರಲ್ಲಿ ಒಂಬತ್ತು ಮುಟ್ಟಿತ್ತು. ವಿನೋದ್ ಕುಮಾರ್ ಶುಕ್ಲ ಅವರಿಗೆ ಬಂದ 2024ನೇ ಸಾಲಿನ ಪ್ರಶಸ್ತಿಯೂ ಸೇರಿದರೆ ಹಿಂದಿಯ ಪುರಸ್ಕೃತರು 12 ಮಂದಿ. ಇಂಥ ಕಡೆ ಎಐಯ ಕಲಿಕೆ ಯಾವ ತಿಂಗಳಿಗೆ ನಿಂತಿದೆ ಎಂಬುದು ಮುಖ್ಯ. ಜೊತೆಗೆ ಹಳೆಯ ಭಾಷಣ, ಹಳೆಯ ಪಠ್ಯ, ಹಳೆಯ ಕ್ವಿಜ್ ಪುಸ್ತಕಗಳ ಉತ್ತರ ಅದರೊಳಗೆ ಇನ್ನೂ ಗಟ್ಟಿಯಾಗಿ ಕೂತಿರುತ್ತದೆ. ‘ಯಾರಿಗೆ ಹೆಚ್ಚು?’ ಎಂದು ಕೇಳುವ ಬದಲು ‘ಎರಡೂ ಭಾಷೆಗಳ ಪಟ್ಟಿಯನ್ನು ವರ್ಷದ ಸಮೇತ ಕೊಡು’ ಎಂದು ಕೇಳಿ, ಲೆಕ್ಕ ನೀವೇ ಹಾಕಿ. ಎಣಿಕೆಯಲ್ಲಿ ಈ ಯಂತ್ರಗಳು ಎಡವುತ್ತವೆ ಎನ್ನುವುದು ವಿಚಿತ್ರವಾದರೂ ನಿಜ.

ಇನ್ನು ಕೆಲವಕ್ಕೆ ಹೌದು-ಅಲ್ಲ ಎಂಬ ಉತ್ತರವೇ ಹೊಂದುವುದಿಲ್ಲ. ಹೇಳಿಕೆಗಳ ಪರಿಶೀಲನೆಯನ್ನು ಯಂತ್ರಗಳಿಗೆ ಕಲಿಸಲೆಂದು ಸಂಶೋಧಕರು 2018ರಲ್ಲಿ ಫೀವರ್ ಎಂಬ ಸಂಗ್ರಹ ಸಿದ್ಧಪಡಿಸಿದರು. ವಿಕಿಪೀಡಿಯಾ ಆಧರಿಸಿದ 1,85,445 ಹೇಳಿಕೆಗಳು ಅದರಲ್ಲಿವೆ. ಪ್ರತಿಯೊಂದಕ್ಕೂ ಮೂರರಲ್ಲಿ ಒಂದು ಮುದ್ರೆ: ಆಧಾರವಿದೆ, ಆಧಾರ ಇದಕ್ಕೆ ವಿರುದ್ಧವಿದೆ, ಸಾಕಷ್ಟು ಮಾಹಿತಿ ಇಲ್ಲ. ಮೂರನೆಯ ಮುದ್ರೆಯಲ್ಲೇ ವಿವೇಕ ಇರುವುದು. ಚಾಟ್‌ಬಾಟ್‌ಗಳು ಅತ್ಯಂತ ಜಿಪುಣತನದಿಂದ ಬಳಸುವ ಮುದ್ರೆಯೂ ಅದೇ. ಕನ್ನಡ ಲಿಪಿಯನ್ನು ವಿನೋಬಾ ಭಾವೆಯವರು ‘ಲಿಪಿಗಳ ರಾಣಿ’ ಎಂದು ಕರೆದರು ಎನ್ನುವ ಮಾತು ತೆಗೆದುಕೊಳ್ಳಿ. ಎಲ್ಲ ಕಡೆ ಇದೆ. ಎಲ್ಲಿ ಹೇಳಿದರು, ಯಾವ ಸಭೆಯಲ್ಲಿ, ಯಾವ ಬರಹದಲ್ಲಿ ಎಂಬುದು ಆ ಸಂದೇಶಗಳಲ್ಲಿ ಇರುವುದಿಲ್ಲ. ಪುಟಸಂಖ್ಯೆ ಇಲ್ಲದ ಉದ್ಧರಣೆ, ಅದು ಯಾರ ಬಾಯಿಂದ ಬಂದದ್ದೆಂದರೂ, ಮೂರನೆಯ ಪೆಟ್ಟಿಗೆಗೆ. ಹಲ್ಮಿಡಿ ಶಾಸನದ್ದು ಇನ್ನೊಂದು ಬಗೆ. ‘ಕ್ರಿ.ಶ. 450’ ಎಂದು ಎಐ ಪಟ್ಟನೆ ಹೇಳುತ್ತದೆ. ಆದರೆ ಆ ಶಾಸನದಲ್ಲಿ ತೇದಿಯೇ ಇಲ್ಲ. ಲಿಪಿಯ ರೂಪ, ಅಲ್ಲಿ ಬರುವ ಕದಂಬ ಅರಸ ಕಾಕುಸ್ಥನ ಹೆಸರು ಇವುಗಳಿಂದ ವಿದ್ವಾಂಸರು ಕಾಲ ಊಹಿಸಿದ್ದಾರೆ. ತಾಳಗುಂದದ ಶಾಸನವೊಂದು ಅದಕ್ಕಿಂತ ಹಳೆಯದೆಂಬ ವಾದವೂ ಇದೆ. ವಿದ್ವಾಂಸರು ಇನ್ನೂ ಜಗಳವಾಡುತ್ತಿರುವ ಸಂಗತಿಯನ್ನು ಎಐ ಒಂದು ಅಂಕಿಗೆ ಇಳಿಸಿದರೆ ಅಂಕಿ ತಪ್ಪಲ್ಲದಿದ್ದರೂ ಉತ್ತರ ತಪ್ಪು. ‘ಈ ವಿಷಯದಲ್ಲಿ ಭಿನ್ನಾಭಿಪ್ರಾಯ ಇದೆಯೇ, ಇದ್ದರೆ ಯಾರದು?’ ಎಂದು ಕೇಳುವುದನ್ನು ರೂಢಿ ಮಾಡಿಕೊಳ್ಳಬೇಕು.

ಎಐಯ ಇನ್ನೊಂದು ಗುಣ ನಮಗೆಲ್ಲ ಗೊತ್ತಿರುವುದೇ, ಅದಕ್ಕೆ ದಾಕ್ಷಿಣ್ಯ ಜಾಸ್ತಿ. ‘ನೀನು ಹೇಳಿದ್ದು ತಪ್ಪಲ್ಲವೇ?’ ಎಂದು ದಬಾಯಿಸಿದರೆ ಸರಿಯಿದ್ದುದನ್ನೂ ಕ್ಷಮೆ ಕೇಳಿ ಬದಲಿಸುತ್ತದೆ. ಬಳಕೆದಾರರನ್ನು ಅತಿಯಾಗಿ ಓಲೈಸುತ್ತಿದೆ ಎಂಬ ದೂರಿನಿಂದಾಗಿ ಓಪನ್‌ಎಐ ಕಂಪನಿಯೇ 2025ರ ಏಪ್ರಿಲ್‌ನಲ್ಲಿ ತನ್ನ ಒಂದು ಆವೃತ್ತಿಯನ್ನು ಹಿಂದಕ್ಕೆ ಪಡೆಯಬೇಕಾಯಿತು. ಹಾಗಾಗಿ ನಿಮ್ಮ ಒಲವು ಯಾವ ಕಡೆ ಎಂಬ ಸುಳಿವನ್ನು ಪ್ರಶ್ನೆಯಲ್ಲಿ ಬಿಟ್ಟುಕೊಡಬೇಡಿ. ಒಮ್ಮೆ ಹೇಳಿಕೆಯ ಪರವಾಗಿ ವಾದ ಮಾಡಿಸಿ, ಹೊಸ ಚಾಟ್ ತೆರೆದು ವಿರುದ್ಧವಾಗಿ ವಾದ ಮಾಡಿಸಿ. ಎರಡರಲ್ಲೂ ಬಂದ ಸಂಗತಿಗಳನ್ನು ಮಾತ್ರ ಎತ್ತಿಕೊಂಡು ಮೂಲಕ್ಕೆ ಹೋಗಿ. ಕನ್ನಡದಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ ಕೇಳುವುದೂ ಫಲ ಕೊಡುತ್ತದೆ. ಎರಡು ಉತ್ತರಗಳ ನಡುವೆ ವ್ಯತ್ಯಾಸ ಕಂಡರೆ ಸಂಶಯಕ್ಕೆ ಜಾಗವಿದೆ ಎಂದರ್ಥ.

ಬಿಸಿ ಸುದ್ದಿಯ ವಿಷಯದಲ್ಲಂತೂ ಈ ಉಪಕರಣಗಳನ್ನು ನೆಚ್ಚಬಾರದು. 2025ರ ಮೇ ತಿಂಗಳಲ್ಲಿ ಭಾರತ-ಪಾಕಿಸ್ತಾನಗಳ ಸಂಘರ್ಷ ನಡೆದಾಗ ಎಕ್ಸ್‌ನಲ್ಲಿ ಜನ ಪ್ರತಿ ಪೋಸ್ಟಿನ ಕೆಳಗೂ ಅಲ್ಲಿನ ಎಐಯನ್ನು ‘ಗ್ರೋಕ್, ಇದು ನಿಜವೇ?’ ಎಂದು ಕೇಳತೊಡಗಿದರು. ಸುಡಾನ್‌ನ ಖಾರ್ಟೂಮ್ ವಿಮಾನ ನಿಲ್ದಾಣದ ಹಳೆಯ ವಿಡಿಯೊವನ್ನು ಗ್ರೋಕ್ ಪಾಕಿಸ್ತಾನದ ನೂರ್ ಖಾನ್ ವಾಯುನೆಲೆಯ ಮೇಲಿನ ಕ್ಷಿಪಣಿ ದಾಳಿ ಎಂದು ಗುರುತಿಸಿತು. ಘಟನೆ ನಡೆದ ಒಂದು ಗಂಟೆಯೊಳಗೆ ಅದರ ಬಗ್ಗೆ ಅಂತರ್ಜಾಲದಲ್ಲಿರುವುದು ಬರೀ ಗದ್ದಲ. ಗದ್ದಲವನ್ನು ಎಷ್ಟು ಸೋಸಿದರೂ ಗದ್ದಲವೇ ಬರುತ್ತದೆ. ಅಂಥ ಹೊತ್ತಿನಲ್ಲಿ ಫಾರ್ವರ್ಡ್ ಮಾಡದೆ ಸುಮ್ಮನಿರುವುದೂ ಪರಿಶೀಲನೆಯೇ. ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ 2018ರ ಜುಲೈನಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್ಆ್ಯಪ್ ವದಂತಿ ನಂಬಿ ಜನ ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದರು. ಆ ಸಂಜೆ ಬೇಕಾಗಿದ್ದದ್ದು ಯಾವ ಯಂತ್ರವೂ ಅಲ್ಲ, ಸ್ವಲ್ಪ ಹೊತ್ತಿನ ತಾಳ್ಮೆ.

ವ್ಯಕ್ತಿಗಳ ಮೇಲಿನ ಆರೋಪದಲ್ಲೂ ಇದೇ ಎಚ್ಚರ ಬೇಕು. ಆಸ್ಟ್ರೇಲಿಯಾದ ಹೆಪ್‌ಬರ್ನ್ ಎಂಬಲ್ಲಿನ ಮೇಯರ್ ಆಗಿದ್ದ ಬ್ರಯಾನ್ ಹುಡ್ ಲಂಚದ ಹಗರಣವೊಂದನ್ನು ಬಯಲಿಗೆಳೆದವರಲ್ಲಿ ಒಬ್ಬರು. ಚಾಟ್‌ಜಿಪಿಟಿ ಅವರನ್ನೇ ಅಪರಾಧಿಯೆಂದು ಹೇಳಿದ್ದು 2023ರಲ್ಲಿ ಸುದ್ದಿಯಾಯಿತು. ಹಗರಣದ ಜೊತೆ ಅವರ ಹೆಸರು ಸಾವಿರ ಕಡೆ ಬಂದಿತ್ತು, ಯಾವ ಕಡೆಯಿಂದ ಬಂದಿತ್ತು ಎನ್ನುವುದು ಯಂತ್ರಕ್ಕೆ ತಿಳಿಯಲಿಲ್ಲ.

ನಮ್ಮ ಕೋರ್ಟುಗಳೂ ಈಗ ಬಿಗಿಯಾಗಿವೆ. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನ ಆದೇಶವೊಂದರಲ್ಲಿ ಅಸ್ತಿತ್ವದಲ್ಲೇ ಇಲ್ಲದ ಸುಪ್ರೀಂ ಕೋರ್ಟ್ ತೀರ್ಪುಗಳ ಉಲ್ಲೇಖ ಕಂಡು ಕರ್ನಾಟಕ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಕ್ರಮಕ್ಕೆ ಸೂಚಿಸಿತು. ಕೇರಳ ಹೈಕೋರ್ಟ್ ಅದೇ ವರ್ಷದ ಜುಲೈನಲ್ಲಿ ಜಿಲ್ಲಾ ನ್ಯಾಯಾಂಗಕ್ಕೆ ಎಐ ಬಳಕೆಯ ನೀತಿಯನ್ನೇ ಹೊರಡಿಸಿತು. ತೀರ್ಪಿಗೆ ಬರಲು ಎಐ ಬಳಸಕೂಡದು ಎಂಬುದು ಅದರ ತಿರುಳು.

ಇಷ್ಟಕ್ಕೂ ತಪ್ಪುಗಳನ್ನು ಕಂಡುಹಿಡಿಯುವುದೊಂದೇ ಸತ್ಯಪರಿಶೀಲನೆಯಲ್ಲ, ನಿಜವನ್ನು ನಿಜವೆಂದು ಉಳಿಸಿಕೊಳ್ಳುವುದೂ ಅದರ ಭಾಗ. ಅಮೆರಿಕದ ಪಿಎನ್‌ಎಎಸ್ ಪತ್ರಿಕೆಯಲ್ಲಿ 2024ರಲ್ಲಿ ಬಂದ ಪ್ರಯೋಗವೊಂದು ನನಗೆ ಮುಖ್ಯವಾಗಿ ಕಾಣುತ್ತದೆ. ಸುದ್ದಿ ಶೀರ್ಷಿಕೆಗಳ ಜೊತೆ ಎಐ ಮಾಡಿದ ಪರಿಶೀಲನೆಯನ್ನೂ ಜನರಿಗೆ ತೋರಿಸಿದಾಗ, ಎಐ ತಪ್ಪಾಗಿ ‘ಸುಳ್ಳು’ ಎಂದ ನಿಜ ಸುದ್ದಿಗಳ ಮೇಲೆ ಜನರಿಗೆ ನಂಬಿಕೆ ಕಡಿಮೆಯಾಯಿತು. ಅದು ‘ಖಚಿತವಿಲ್ಲ’ ಎಂದ ಸುಳ್ಳು ಸುದ್ದಿಗಳ ಮೇಲೆ ನಂಬಿಕೆ ಹೆಚ್ಚಾಯಿತು. ಒಟ್ಟಿನಲ್ಲಿ ನಿಜ-ಸುಳ್ಳು ಬೇರ್ಪಡಿಸುವ ಜನರ ಶಕ್ತಿಗೆ ಲಾಭವೇನೂ ಆಗಲಿಲ್ಲ. ಶಿವನಸಮುದ್ರದ ಸಂದೇಶ ಪೂರ್ತಿ ಬುರುಡೆ ಎಂದು ಯಾರಾದರೂ ತಳ್ಳಿಹಾಕಿದರೆ ಅದೂ ಅಷ್ಟೇ ದೊಡ್ಡ ತಪ್ಪು.

ಕನ್ನಡಕ್ಕೆ ಸಂಬಂಧಿಸಿ ನನ್ನ ದೊಡ್ಡ ತಕರಾರು ಯಂತ್ರದ ಮೇಲಲ್ಲ. ಮೈಸೂರಿನ ಪ್ರಜಾಪ್ರತಿನಿಧಿ ಸಭೆಯಲ್ಲಿ ದಿವಾನರು ವರ್ಷವರ್ಷವೂ ಓದಿದ ವರದಿಗಳಿವೆ, ಹಯವದನರಾಯರು ಸಂಪಾದಿಸಿದ ಮೈಸೂರು ಗೆಜೆಟಿಯರ್ ಇದೆ, ಜಿಲ್ಲಾ ಗೆಜೆಟಿಯರ್‌ಗಳಿವೆ, ಶಾಸನ ಸಂಪುಟಗಳಿವೆ. ಮೇಲಿನ ಜಗಳಗಳಲ್ಲಿ ಬಹುಪಾಲನ್ನು ಬಗೆಹರಿಸುವ ಸಾಲುಗಳು ಅವುಗಳಲ್ಲೇ ಇವೆ. ಆದರೆ ಇವುಗಳಲ್ಲಿ ಎಷ್ಟೋ ಪುಟಗಳು ಕಾಗದದಲ್ಲೇ ಉಳಿದಿವೆ, ಅಥವಾ ಹುಡುಕಲು ಬಾರದ ಮಸುಕು ಚಿತ್ರಗಳಾಗಿವೆ. ಫಾರ್ವರ್ಡ್‌ಗಳೋ, ಅಚ್ಚುಕಟ್ಟಾದ ಯೂನಿಕೋಡ್‌ನಲ್ಲಿ ಎಲ್ಲೆಡೆ ಸಿಗುತ್ತವೆ. ಎಐಯ ಕೈಗೆ ಯಾವುದು ಮೊದಲು ಸಿಕ್ಕೀತು? ನಾವು ಕೊಟ್ಟದ್ದನ್ನೇ ಅದು ತಿರುಗಿ ಕೊಡುವುದು. ಈ ಸಂಪುಟಗಳನ್ನು ಹುಡುಕಬಲ್ಲ ಪಠ್ಯವಾಗಿ ಸಾರ್ವಜನಿಕರಿಗೆ ತೆರೆದಿಡುವುದು ಸರ್ಕಾರದ, ವಿಶ್ವವಿದ್ಯಾಲಯಗಳ ಕೆಲಸ, ಮತ್ತು ಅದಕ್ಕೆ ಬೇಕಾದದ್ದು ದೊಡ್ಡ ಹಣವಲ್ಲ.

ಅಲ್ಲಿಯವರೆಗೆ ಓದುಗರಲ್ಲಿ ಒಂದು ಮನವಿ. ಮುಂದಿನ ಸಲ ಮನೆಯ ಗುಂಪಿನಲ್ಲಿ ಚಿಕ್ಕಪ್ಪನೋ ಸೋದರತ್ತೆಯೋ ಹಾಕಿದ ಸಂದೇಶದಲ್ಲಿ ತಪ್ಪು ಕಂಡರೆ, ಎಐ ಕೊಟ್ಟ ಉತ್ತರದ ಸ್ಕ್ರೀನ್‌ಶಾಟ್ ತೆಗೆದು ಅವರ ಮುಖಕ್ಕೆ ಹಿಡಿಯಬೇಡಿ. ಒಂದು ಆಧಾರವಿಲ್ಲದ ಮಾತಿಗೆ ಇನ್ನೊಂದು ಆಧಾರವಿಲ್ಲದ ಮಾತು ಉತ್ತರವಾಗುವುದಿಲ್ಲ, ಜೊತೆಗೆ ನಾಳೆ ಅವರೂ ಬೇರೊಂದು ಎಐಯ ಸ್ಕ್ರೀನ್‌ಶಾಟ್ ತರುತ್ತಾರೆ. ಎಐ ತೋರಿಸಿದ ದಾರಿಯಲ್ಲಿ ನಡೆದು ನೀವು ಕಣ್ಣಾರೆ ಕಂಡ ಪುಟವನ್ನು, ಪುಸ್ತಕದ ಹೆಸರು ಮತ್ತು ಪುಟಸಂಖ್ಯೆಯೊಂದಿಗೆ ಕಳಿಸಿ. ಪುಟ ಸಿಗದಿದ್ದರೆ ‘ಇದಕ್ಕೆ ಆಧಾರ ಸಿಗಲಿಲ್ಲ ಚಿಕ್ಕಪ್ಪ, ನಿಮಗೆ ಎಲ್ಲಿ ಸಿಕ್ಕಿತು?’ ಎಂದು ಕೇಳಿ.